ಪುರಿ ಭಟ್ಟಿಯ ದೊಡ್ಡಮ್ಮನ ಹಗೆ

ದೊಡ್ಡಮ್ಮನ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಇಪ್ಪತ್ತು ವರ್ಷ ಕಾದ ಮರಳಿನಲ್ಲಿ ಅಕ್ಕಿ ಹುರಿದು ಪುರಿ ಮಾಡಿದ ಕೈ ಅದು. ಚರ್ಮ ಸುಟ್ಟು ಸುಟ್ಟು, ತಿಕ್ಕಿ ಬೆಳಗಿದ ಚೊಂಬಿನ ಹಾಗೆ ನುಣ್ಣಗಾಗಿತ್ತು. ಬಿಸಿ ಬಾಣಲೆಯನ್ನು ಬರಿಗೈಯಲ್ಲೇ ಪಕ್ಕಕ್ಕೆ ಸರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ನಾನು ಆ ಊರಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಹೋದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ಮುನಿಸಿಪಾಲಿಟಿ, ಒಂದು ಆಸ್ಪತ್ರೆ, ವಾರಕ್ಕೊಂದು ಸಂತೆ ಇದ್ದ ಸಣ್ಣ ಪಟ್ಟಣ. ಹೆಸರು ಹೇಳುವುದಿಲ್ಲ. ನಾನು ಹೇಳಹೊರಟಿರುವ ಮುನಿಸಿಪಲ್ ಮೆಂಬರನ ಅಣ್ಣನ ಮೊಮ್ಮಕ್ಕಳು ಈಗಲೂ ಅಲ್ಲಿ ಓಡಾಡಿಕೊಂಡಿದ್ದಾರೆ, ಅವರು ನನಗೇನೂ ಮಾಡಿಲ್ಲ.

ಬೀದಿಗೆಲ್ಲ ದೊಡ್ಡಮ್ಮನಾಗಿದ್ದ ಅವರು ವಿಧವೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹಿತ್ತಲಲ್ಲಿ ಭಟ್ಟಿ. ತಾಯಿ ಹುರಿದರೆ ಹದಿನಾರರ ಮಗಳು ಜರಡಿ ಹಿಡಿಯುತ್ತಿದ್ದಳು. ದೊಡ್ಡಮ್ಮನಿಗೆ ಯಾರ ಮುಖವನ್ನೂ ನೋಡಿ ಮಾತಾಡುವ ಅಭ್ಯಾಸವಿರಲಿಲ್ಲ. ಕಣ್ಣು ಮರಳಿನ ಮೇಲೆ, ಮಾತು ನಮ್ಮ ಕಡೆಗೆ. ಮಗಳ ಜೊತೆ ಮಾತ್ರ ಕೆಲಸ ನಿಲ್ಲಿಸಿ ಮಾತಾಡುತ್ತಿದ್ದರು.

ಬೀದಿಗೆಲ್ಲ ಒಂದೇ ಸೇದೋ ಬಾವಿ. ಅದರ ಮೇಲ್ಗಡೆ, ಹತ್ತು ಹೆಜ್ಜೆ ದೂರದಲ್ಲಿ, ಮೆಂಬರು ತನ್ನ ಹೊಸ ಮನೆಯ ಪಾಯಿಖಾನೆ ಗುಂಡಿ ತೋಡಿಸಿದ. ನೀರು ಕೆಡುತ್ತದೆಂದು ಬೀದಿಯವರು ಮುನಿಸಿಪಾಲಿಟಿಗೆ ಅರ್ಜಿ ಕೊಟ್ಟರು. ಬೀದಿಯ ಅರ್ಜಿಗಳು ಮೆಂಬರ ಕೈದಾಟಿ ಮುಂದಕ್ಕೆ ಹೋಗಬೇಕು, ಅದು ಹೋಗಲಿಲ್ಲ. ಆ ಬೇಸಗೆಯಲ್ಲಿ ವಾಂತಿಭೇದಿ ಬಂತು. ನಮ್ಮ ಬೀದಿಯಲ್ಲೇ ಐದು ಜನ ಹೋದರು. ದೊಡ್ಡಮ್ಮನ ಮಗಳು ಬೆಳಿಗ್ಗೆ ನನಗೆ ಜಡೆ ಹಾಕಿದವಳು ಮರುದಿನ ಮಧ್ಯಾಹ್ನಕ್ಕೆ ಇರಲಿಲ್ಲ. ಕಾಂಪೌಂಡರು ಬಂದು ಔಷಧಿ ಹುಯ್ದರು, ಅದು ಒಳಗೆ ನಿಲ್ಲಲೇ ಇಲ್ಲ.

ವರ್ಷ ಕಳೆಯಿತು. ಮಗಳ ಹೆಸರಿನಲ್ಲಿದ್ದ ತುಂಡು ಗದ್ದೆಯ ಖಾತೆ ಬದಲಾಯಿಸಲು ಮರಣದ ರಿಜಿಸ್ಟರಿನ ನಕಲು ಬೇಕಾಯಿತು. ದೊಡ್ಡಮ್ಮ ಅದನ್ನು ಮುನಿಸಿಪಾಲಿಟಿಯಿಂದ ತಂದು ಓದಲು ನನ್ನ ಕೈಗೆ ಕೊಟ್ಟರು. ಹೆಸರು ಓದಿದೆ, ವಯಸ್ಸು ಓದಿದೆ. ‘ಮರಣದ ಕಾರಣ: ಜ್ವರ’ ಎಂದು ಓದಿದೆ. ಬಾಣಲೆಯಲ್ಲಿ ಆಡುತ್ತಿದ್ದ ಕೈ ನಿಂತಿತು.

“ಜ್ವರ ಎಲ್ಲಿತ್ತಮ್ಮ ಅವ್ಳಿಗೆ? ಮೈ ಮಂಜಿನಂಗೆ ತಣ್ಣಗಿತ್ತು. ಯಾರು ಏಳಿದ್ರು ಜ್ವರ ಅಂತ?”

ನಾನು ಹೇಳಬಾರದಿತ್ತೇನೋ. ಆದರೆ ಕಾಗದದಲ್ಲಿ ಇದ್ದದ್ದನ್ನು ಹೇಳಿದೆ: ಹೇಳಿಕೆ ಕೊಟ್ಟವರು ತಾಯಿ, ಹೆಬ್ಬೆಟ್ಟಿನ ಗುರುತು.

ಹೆಣದ ಮುಂದೆ ಕೂತಿದ್ದ ತಮ್ಮ ಕೈ ಹಿಡಿದು ಮುನಿಸಿಪಾಲಿಟಿ ಗುಮಾಸ್ತ ಎಲ್ಲೋ ಒತ್ತಿಸಿಕೊಂಡು ಹೋಗಿದ್ದು ಅವರಿಗೆ ಆಗ ನೆನಪಾಯಿತು. ಬಹಳ ಹೊತ್ತು ಆ ಹೆಬ್ಬೆಟ್ಟನ್ನೇ ನೋಡಿಕೊಂಡರು. “ನನ್ ಮಗಳ ಮೇಲಿನ ಸುಳ್ಳ ನನ್ ಕೈಲೇ ಏಳಿಸವ್ನೆ,” ಎಂದರು.

ಗುಮಾಸ್ತನನ್ನು ಕೇಳಿದಾಗ ಆತ ತಲೆ ತಗ್ಗಿಸಿ ನಿಜ ಹೇಳಿದ. ವಾಂತಿಭೇದಿ ಎಂದು ಬರೆದರೆ ಸಂತೆ ಮುಚ್ಚಬೇಕು. ಸಂತೆಯ ಗುತ್ತಿಗೆ ಮೆಂಬರ ಭಾವಮೈದುನನದು. ಐದು ಸಾವಿಗೂ ಜ್ವರವೆಂದು ಬರೆಯಲು ಹೇಳಿದ್ದು ಮೆಂಬರೇ. ಸಂತೆ ನಡೆಯಿತು, ಬಂದ ಹಳ್ಳಿಯವರು ಅದೇ ಬಾವಿಯ ನೀರು ಕುಡಿದು ಹೋದರು.

ದೊಡ್ಡಮ್ಮ ನೇರ ಮೆಂಬರ ಜಗಲಿಗೆ ಹೋದರು. ನಾನೂ ಜೊತೆಗಿದ್ದೆ. ಆತ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ತಿದ್ದಿಸಿಕೊಡಿ ಎಂದು ಇವರು ಮೆತ್ತಗೇ ಕೇಳಿದರು.

“ಹೋದವಳು ಎದ್ದು ಬತ್ತಾಳೇನವ್ವ? ಕಾರಣ ಯಾವುದಾದರೇನು, ಎಲ್ಲ ಒಂದೇ. ಹೋಗು, ಕೆಲಸ ನೋಡು,” ಎಂದ.

ಇವರು ಜಗಲಿ ಇಳಿದು ಬಂದರು. ಮಾರನೆಯ ದಿನದಿಂದ ಭಟ್ಟಿ ಹೊತ್ತಿಸುವಾಗ ಮೊದಲ ಹಿಡಿ ಹೊಟ್ಟನ್ನು ಬೆಂಕಿಗೆ ಎಸೆದು, “ಇದು ಅವ್ನಿಗೆ,” ಎನ್ನುವುದು ರೂಢಿಯಾಯಿತು. ದೇವರಿಗೆ ದೀಪ ಹಚ್ಚುವುದನ್ನು ಮರೆತಾರು, ಇದನ್ನು ಮರೆತದ್ದಿಲ್ಲ.

ಒಂದು ಮಧ್ಯಾಹ್ನ ಕೈ ತೊಳೆದುಕೊಂಡು ಬಂದು ನನ್ನೆದುರು ಕೂತರು. ಇನ್ನು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ, ಅಕ್ಷರ ಕಲಿಸು ಎಂದರು. ನಾನು ಸ್ಲೇಟಿನ ಮೇಲೆ ಅ, ಆ ಬರೆಯಹೋದೆ.

“ಅದು ಆಮೇಲೆ. ಮೊದ್ಲು ವಾಂತಿಭೇದಿ ಅಂತ ಬರೆಯೋದ ಏಳ್ಕೊಡು ಮೇಷ್ಟ್ರಮ್ಮ.”

ಹಾಗೆ ನನ್ನ ಶಿಷ್ಯೆಯರಲ್ಲೆಲ್ಲ ಅವರೊಬ್ಬರು ‘ವಾ’ದಿಂದ ಶುರುಮಾಡಿದರು. ಎರಡು ವರ್ಷದಲ್ಲಿ ಯಾವ ಕೈಬರಹವನ್ನಾದರೂ ಓದುವಷ್ಟಾದರು.

ಮುನಿಸಿಪಲ್ ಚುನಾವಣೆ ಬಂತು. ಮನೆಗಂದಾಯ ಕಟ್ಟುವವರಿಗೆ ಮಾತ್ರ ಆಗ ಓಟು. ಮತದಾರರ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದ ದಿನ ದೊಡ್ಡಮ್ಮ ಬಿಸಿಲಲ್ಲಿ ನಿಂತು ನಮ್ಮ ಬೀದಿಯ ಹೆಸರುಗಳನ್ನೆಲ್ಲ ಬೆರಳಿಟ್ಟು ಓದಿದರು. ಅವರ ಹೆಸರಿರಲಿಲ್ಲ. ಸತ್ತು ಒಂಬತ್ತು ವರ್ಷವಾಗಿದ್ದ ಅವರ ಗಂಡನ ಹೆಸರಿತ್ತು. ಬೀದಿಯ ವಿಧವೆಯರು ಕಟ್ಟುತ್ತಿದ್ದ ಕಂದಾಯವೆಲ್ಲ ಸತ್ತ ಗಂಡಂದಿರ ಹೆಸರಿನಲ್ಲೇ ಜಮೆಯಾಗುತ್ತಿತ್ತು. ಪ್ರತಿ ಚುನಾವಣೆಯಲ್ಲೂ ಆ ಸತ್ತವರ ಓಟನ್ನು ಮೆಂಬರ ಕಡೆಯವರು ಹಾಕಿ ಬರುತ್ತಿದ್ದರು.

ಮನೆಗೆ ಬಂದು ಅವರು ನಕ್ಕರು. ಮಗಳು ಹೋದ ಮೇಲೆ ನಾನು ಕೇಳಿದ ಮೊದಲ ನಗು.

ಅದೇ ಮರಣದ ರಿಜಿಸ್ಟರಿನಿಂದ ಹನ್ನೊಂದು ಗಂಡಂದಿರ ನಕಲು ತೆಗೆಸಿದರು. ಹನ್ನೊಂದು ವಿಧವೆಯರ ಪರವಾಗಿ ಹನ್ನೊಂದು ಆಕ್ಷೇಪಣೆ. ಬರೆದದ್ದು ನಾನು. ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಮುಂದೆ ಅವನ್ನಿಟ್ಟು, ಇವರೆಲ್ಲ ಸತ್ತಿದ್ದಾರೆಂದು ನಿಮ್ಮ ಸರ್ಕಾರವೇ ಬರೆದಿದೆ ಎಂದರು. ಅಮಲ್ದಾರರು ಕಾಗದಗಳನ್ನು ತಿರುವಿ ನೋಡಿ ಗಂಡಂದಿರನ್ನು ಹೊಡೆದುಹಾಕಿ ಹೆಂಗಸರನ್ನು ಸೇರಿಸಿದರು.

ಮೆಂಬರಿಗೆ ಎದುರು ನಿಂತಿದ್ದವನು ಒಬ್ಬ ದರ್ಜಿ. ಅವನು ಬಂದು ದೊಡ್ಡಮ್ಮನಿಗೆ ಕೈಮುಗಿದ. ನೀನು ಗೆದ್ದು ಏನು ಕಿಸಿಯುತ್ತೀಯೋ ನನಗೆ ಬೇಕಿಲ್ಲ, ಅವನು ಸೋಲಬೇಕು ಅಷ್ಟೇ ಎಂದು ಹೇಳಿ ಕಳಿಸಿದರು. ಓಟಿನ ದಿನ ಹನ್ನೊಂದು ಜನ ಸಾಲಾಗಿ ಹೋಗಿ ಓಟು ಹಾಕಿ ಬಂದರು. ಮೆಂಬರು ಏಳು ಓಟಿನಿಂದ ಸೋತ.

ಇಷ್ಟಕ್ಕೆ ಸಾಕಾಯಿತೆಂದು ನಾನಂದುಕೊಂಡೆ. ಅವರು ಮರುವಾರವೇ ಹೊಸ ಅರ್ಜಿ ಬರೆದರು. ಈ ಸಲ ತಮ್ಮ ಕೈಯಲ್ಲೇ: ಮರಣದ ಕಾರಣ ತಿದ್ದಬೇಕು, ಸುಳ್ಳು ಬರೆಸಿದವನ ಹೇಳಿಕೆ ತೆಗೆದುಕೊಳ್ಳಬೇಕು. ಆಸ್ಪತ್ರೆಯ ಪುಸ್ತಕದಲ್ಲಿ ಕಾಂಪೌಂಡರು ‘ವಾಂತಿಭೇದಿ’ ಎಂದೇ ಬರೆದಿಟ್ಟಿದ್ದರು. ಗುಮಾಸ್ತನೂ ಬಾಯಿಬಿಡಲು ಒಪ್ಪಿದ್ದ. ಅಮಲ್ದಾರರು ವಿಚಾರಣೆಗೆ ದಿನ ಗೊತ್ತುಮಾಡಿದರು.

ಅದರ ಹಿಂದಿನ ದಿನ ಮೆಂಬರು ಹಿತ್ತಲ ಬಾಗಿಲಿಂದ ಭಟ್ಟಿಯ ಹತ್ತಿರ ಬಂದ. ಮಗಳಿಗೆ ಮಳವಳ್ಳಿಯ ದೊಡ್ಡ ಮನೆಯಲ್ಲಿ ಸಂಬಂಧ ಗೊತ್ತಾಗಿದೆ, ಇದು ಹೊರಬಿದ್ದರೆ ಮುರಿದುಹೋಗುತ್ತದೆ, ಬಾವಿಯ ಹತ್ತಿರದ ಗುಂಡಿ ನಾಳೆಯೇ ಮುಚ್ಚಿಸುತ್ತೇನೆ ಎಂದ. ಕಣ್ಣಲ್ಲಿ ನೀರಿತ್ತು. ದೊಡ್ಡಮ್ಮ ಕೆಲಸ ನಿಲ್ಲಿಸಿ ಅವನ ಮುಖವನ್ನು ನೆಟ್ಟಗೆ ನೋಡಿದರು.

“ಕಾರಣ ಯಾವುದಾದ್ರೂ ಒಂದೇ ಅಂದ್ಯಲ್ಲ ಯಜಮಾನ. ಒಂದೇ ಆದ್ರೆ ದಿಟವನ್ನೇ ಬರಿ.”

ಆತ ಹೋದ ಮೇಲೆ ನಾನು ಬಾಯಿಹಾಕಿದೆ. ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ, ಬಿಟ್ಟುಬಿಡಿ ಎಂದೆ. “ಅವ್ಳು ಬದ್ಕವ್ಳೆ. ಇನ್ನೊಂದು ಗಂಡು ಸಿಕ್ತದೆ,” ಎಂದರು. ಆಮೇಲೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಮಾರನೆಯ ದಿನ, ಗುಮಾಸ್ತ ಸಾಕ್ಷಿ ಹೇಳಿದ ಮೇಲೆ, ಆತ ಅಮಲ್ದಾರರೆದುರು ‘ಜ್ವರವೆಂದು ಬರೆಸಿದವನು ನಾನೇ’ ಎಂದು ಬರೆದು ರುಜು ಹಾಕಿದ. ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಐದೂ ಕಾರಣ ತಿದ್ದಲಾಯಿತು. ಮಳವಳ್ಳಿಯ ಸಂಬಂಧ ಮುರಿಯಿತು. ಆರು ತಿಂಗಳಲ್ಲಿ ಆತ ಮನೆಯನ್ನು ಅಣ್ಣನ ಮಗನಿಗೆ ಬಿಟ್ಟು ಸಂಸಾರ ಕಟ್ಟಿಕೊಂಡು ಮದ್ದೂರಿಗೆ ಹೋದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದರು. ಮನಸ್ಸಿಗೆ ಸಮಾಧಾನವಾಯಿತೇ ಎಂದು ಕೇಳಿದೆ.

“ಸಮಾಧಾನ ಎಲ್ಲಿಂದ ಬತ್ತದೆ? ಸಂತೋಸ ಆಯ್ತು ಕಣಮ್ಮ. ಸುಳ್ಳು ಯಾಕೇಳ್ಲಿ.”

ಅವರು ತೀರಿಕೊಂಡದ್ದು ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ, ಎರಡು ತಿಂಗಳು ಕೆಮ್ಮಿ. ಅದರ ಹಿಂದಿನ ವಾರ ಮೆಂಬರು ಯಾರ ಕೈಲೋ ಹೇಳಿಕಳಿಸಿದ್ದ, ಒಂದು ಸಲ ನೋಡಬೇಕು, ಕ್ಷಮೆ ಕೇಳಬೇಕು ಅಂತ. ಆಗದು ಎಂದು ತಲೆಯಾಡಿಸಿದ್ದರು.

ಹೆಣ ಎತ್ತುವ ಮೊದಲು ಆತ ಬಂದೇಬಿಟ್ಟ. ಬಹಳ ಇಳಿದುಹೋಗಿದ್ದ. ಕೈಯಲ್ಲಿ ಒಂದು ಹಾರ. ಬೀದಿಯವರು ದಾರಿ ಬಿಟ್ಟರು. ಸಾವಿನ ಮನೆಗೆ ಬಂದವನನ್ನು ಯಾರು ತಡೆಯುತ್ತಾರೆ. ಒಂದು ಕಾಲದಲ್ಲಿ ಅವನಿಗಾಗಿ ಬೇಡಿಕೊಂಡಿದ್ದ ನಾನೇ ಬಾಗಿಲಿಗೆ ಅಡ್ಡ ನಿಂತೆ.

“ಅವರು ಒಪ್ಪಿರಲಿಲ್ಲ,” ಎಂದೆ.

“ಈಗ ಅವರಿಗೆ ಗೊತ್ತಾಗುತ್ತದೇನು ತಾಯಿ?” ಎಂದ.

“ನನಗೆ ಗೊತ್ತಾಗುತ್ತದೆ.”

ಆತ ನನ್ನನ್ನೂ ಒಳಗಿನ ಕತ್ತಲನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಾರವನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಕೈಯಲ್ಲಿ ಹಿಡಿದುಕೊಂಡೇ ಬಸ್ಸು ನಿಲ್ಲುವ ಕಡೆಗೆ ನಡೆದ.