ಗುಂಡೋಪಂತರ ಟರ್ನ್‌ಟೇಬಲ್
"ಇಡೀ ಮುಂಬೈ ರಾಜ್ಯದಾಗ ನನ್ನಂಥಾ ಫಿಟ್ಟರ್ ಇನ್ನೊಬ್ಬಾಂವ ಇಲ್ಲ, ನಾ ಕೂಡಿಸಿದ ಹಳಿಯ ಸಂದಿನಾಗ ಇರವಿ ಮೀಸಿನೂ ಹೊಗಂಗಿಲ್ಲ" ಎನ್ನುವುದು ಜಮಖಂಡಿಯ ಗುಂಡೋಪಂತರ ದಿನದ ಮೊದಲ ಮಾತು, ಚಹಾ ಆಮೇಲೆ. ಮಿರಜಿನ ರೈಲು ಶೆಡ್ಡಿನಲ್ಲಿ ಮೂವತ್ತು ವರ್ಷ ಅವರು ಮೂತಿ ತಿರುಗಿಸಿದ ಎಂಜಿನ್ನುಗಳನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯದು ವಿಲಾಯತಿಯಲ್ಲಿ ನಿಲ್ಲುತ್ತದಂತೆ. ಪಿಂಚಣಿ ಪಡೆದು ಬಂದವರು ಈಗ ರೈಲೇ ಇಲ್ಲದ ಊರಿನ ಪಡಸಾಲೆಯಲ್ಲಿ ಹಿಟ್ಟು ನಾದುವ ಪರಾತದಷ್ಟಗಲದ, ಎಂಜಿನ್ನು ನಿಲ್ಲಿಸಿ ಮೂತಿ ತಿರುಗಿಸುವ ಟರ್ನ್‌ಟೇಬಲ್ ಕಟ್ಟುತ್ತಿದ್ದಾರೆ. ಬನಹಟ್ಟಿ ನೇಕಾರರ ರಾಟೆಯ ಕದಿರೇ ಅದರ ನಡುವಿನ ಕೀಲು. ನೂಲು ಬಿಗಿದು, ಒಂದು ಕಣ್ಣು ಮುಚ್ಚಿ, ಹಳಿಗೆ ಹಳಿ ಕೂಡಿಸುತ್ತಾರೆ. ಆ ಹೊತ್ತಿಗೆ ಓಣಿಯಲ್ಲಿ ಯಾರೂ ಸೀನಕೂಡದು. ಗೇಣುದ್ದದ ಆಟಿಕೆ ಎಂಜಿನ್ನು ಸರಾಗವಾಗಿ ಒಳಗೆ ಹೋಗುತ್ತದೆ. ಅರ್ಧ ಸುತ್ತು ತಿರುಗಿಸಿ ಹೊರಗೆ ತಂದರೆ ಮಗುಚಿ ಬೀಳುತ್ತದೆ. ತಪ್ಪು ಹಿಡಿಯುವವರು ಹೆಂಡತಿ ಗೋದೂಬಾಯಿ. ಅವರಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಎಂಜಿನ್ನು ತಿರುಗುವುದನ್ನು ತೋರಿಸಲು ಮುಂದಿನ ದೀಪಾವಳಿಗೆ ಮಿರಜಿಗೆ ಕರೆದೊಯ್ಯುತ್ತೇನೆಂದು ಪಂತರು ಮೂವತ್ತು ದೀಪಾವಳಿ ಹೇಳಿದ್ದರು. ಈಗ ಆಕೆಯ ಬೆರಳಿಗಾದರೂ ಅದನ್ನು ತೋರಿಸುವ ಹಟ. ಗೋದೂಬಾಯಿ ಹಳಿಯ ಸಂದಿನ ಮೇಲೆ ಉಗುರೆಳೆದು, "ಇಲ್ಲೆ ಎಡವತದ ನೋಡ್ರಿ. ನಡುವಿನ ತೂತು ಎಳ್ಳಷ್ಟು ಸರದದ" ಎಂದರು. ಪಂತರು ಕದಿರು ಕಿತ್ತರು. "ನನಗ ಕಣ್ಣಿದ್ದಾಗ ಒಮ್ಮೆ ಶೆಡ್ಡಿನ ಸಾಹೇಬರಿಗೆ ರಜಾ ಕೇಳಬಾರದಾಗಿತ್ತೇನ್ರಿ?" ಎಂದರು ಗೋದೂಬಾಯಿ. "ಸಾಹೇಬಗ ಅಂಜಿದೆ, ಗೋದೂ. ನಿನಗ ಅಂಜಬೇಕಾಗಿತ್ತು."