ಸುಣ್ಣದ ಮೇಲಿನ ಕೆಂಪು ಗೆರೆ

ನಾನು ಡ್ಯಾಮ್ ಕಟ್ಟಿದ ಇಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸರ್ವೆ ತಂಡದಲ್ಲಿ ಬಣ್ಣದ ಡಬ್ಬಿ ಹೊರುತ್ತಿದ್ದವನು. ಆದರೆ ಮೆಲ್ಬರ್ನಿಗೆ, ವೆರಿಬೀಯಲ್ಲಿರುವ ಮಗಳ ಮನೆಗೆ ಬಂದ ಮೇಲೆ ಅಳಿಯ ನನಗೆ ಬಡ್ತಿ ಕೊಟ್ಟ. ಅವು ಮಳೆಯಿಲ್ಲದ ವರ್ಷಗಳು. ಟಿವಿಯಲ್ಲಿ ದಿನವೂ ಡ್ಯಾಮುಗಳ ನೀರಿನ ಮಟ್ಟ ಹೇಳುತ್ತಿದ್ದರು. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗುಲಾಬಿಗೆ ಹಾಕುತ್ತಿದ್ದೆವು.

"ಇನ್ನೊಂದು ಡ್ಯಾಮ್ ಯಾಕೆ ಕಟ್ಟಲ್ಲ ಇವ್ರು?" ಎಂದು ಮನೆಗೆ ಬಂದವರು ಕೇಳುವರು.

"ನಮ್ಮ ಮಾವನ್ನ ಕೇಳಿ, ಎಕ್ಸ್‌ಪರ್ಟು" ಎನ್ನುವನು ಅಳಿಯ.

ನಾನು ಗಂಟಲು ಸರಿಮಾಡಿಕೊಂಡು, ಅಭಿವೃದ್ಧಿ ಬೇಕೆಂದರೆ ಯಾರಾದರೂ ತ್ಯಾಗ ಮಾಡಲೇಬೇಕು ಎನ್ನುತ್ತಿದ್ದೆ. ಯಾರು ಮಾಡಿದರೆಂದು ಪುಣ್ಯಕ್ಕೆ ಯಾರೂ ಕೇಳುತ್ತಿರಲಿಲ್ಲ.

ಒಂದು ಈಸ್ಟರ್ ರಜೆಯಲ್ಲಿ ಸಿಡ್ನಿಗೆ ಹೋಗಿ, ಟೂಂಗಾಬಿಯಲ್ಲಿ ಮಗಳ ಗೆಳತಿಯ ಮನೆಯಲ್ಲಿ ಇಳಿದೆವು. ಆಕೆ ಬಿಸಿ ಜೋಳದ ರೊಟ್ಟಿ ಬಡಿಸುತ್ತ ನಕ್ಕಳು.

"ಡ್ಯಾಮ್ ಕಟ್ಟಿದೋರು ನೀವಂತಲ್ರಿ ಅಂಕಲ್? ನಮ್ಮೂರು ಮುಳುಗಿಸಿ, ಕಡೀಕ ನನ್ನ ಕೈಯಾನ ರೊಟ್ಟಿ ತಿನ್ನಾಕ ಬಂದ್ರಿ ನೋಡ್ರಿ!"

ಎಲ್ಲರೂ ನಕ್ಕರು. ಯಾವ ಊರಮ್ಮ ಎಂದೆ. ಹೇಳಿದಳು. ನಾನು ಬಣ್ಣದ ಡಬ್ಬಿ ಹೊತ್ತು ತಿರುಗಿದ ಊರೇ ಅದು.

"ನಮ್ಮ ಮನಿ ಮುಳುಗಲೇ ಇಲ್ರಿ. ನೀರು ಕೆಳಗಿನ ಓಣಿಗೇ ನಿಂತ್ಬಿಡ್ತು. ಗ್ವಾಡಿ ಮ್ಯಾಲೆ ಕೆಂಪು ಗೆರಿ ಐತಿ ಅಂತ ನಾವು ಬಿಟ್ಟು ಬಂದಿದ್ವಿ. ಮುಳುಗಡಿ ಆದೋರಿಗೆ ಕೊಡೋ ಪ್ಲಾಟಿನ ಆಸೆಗೆ ಅಪ್ಪನೇ ಗೆರಿ ಎಳಿಸ್ಯಾನ ಅಂತಾಳ ಅವ್ವ. ಬಣ್ಣದ ಡಬ್ಬಿ ಹಿಡಕೊಂಡು ನಿಂತಿದ್ದನ್ನ ಆಕಿ ಕಣ್ಣಾರೆ ನೋಡ್ಯಾಳ. ನೀರು ಬರಲಿಲ್ಲ ಅಂತ ಗೊತ್ತಾದಾಗಿಂದ ಇಬ್ಬರಿಗೂ ಮಾತಿಲ್ಲ. ಸಾರಿಗೆ ಉಪ್ಪು ಕಡಿಮಿ ಅಂತ ಅಪ್ಪ ಹೇಳಬೇಕಂದ್ರ, ಸಿಡ್ನಿಗೆ ನನಗ ಹೇಳಿ, ನಾ ಅವ್ವಗ ಹೇಳಬೇಕು!" ಮತ್ತೆ ನಗು. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಅಂಕಲ್?"

ಹಾಕಮ್ಮ ಎಂದೆ. ಹೇಳಬೇಕಾದ ಹೊತ್ತಿನಲ್ಲಿ ಇನ್ನೊಂದು ರೊಟ್ಟಿ ತಿಂದವನು ನಾನು.

ನಡೆದದ್ದು ಇಷ್ಟು. ನೀರು ಎಲ್ಲಿಯವರೆಗೆ ಬರುತ್ತದೆಂದು ಅಳೆದು ಮನೆಗಳ ಗೋಡೆಗೆ ಕೆಂಪು ಗೆರೆ ಎಳೆದಿದ್ದೆವು. ದೀಪಾವಳಿ ಬಂತು. ಊರಿಗೆ ಊರೇ ಮನೆಗೆ ಸುಣ್ಣ ಬಳಿಯಿತು. ಮುಳುಗುವ ಮನೆಯಾದರೂ ಹಬ್ಬಕ್ಕೆ ಬಿಳಿ ಇರಬೇಕಲ್ಲ! ಗೆರೆಗಳೆಲ್ಲ ಮಾಯ. ಸರ್ವೆ ಸಾಹೇಬರು ರಜೆಗೆ ಹೊರಟು ನಿಂತಿದ್ದರು. "ನೆನಪಿಲ್ವೇನಯ್ಯ? ನೀನೇ ಎಳಿ" ಎಂದರು. ಅಳೆಯುವ ಉಪಕರಣವಿಲ್ಲದೆ ಡಬ್ಬಿ ಹಿಡಿದು ಹೊರಟೆ.

ಊರ ಮುಂದಾಳು ಚಹಾ ಕುಡಿಸಿದ. ಬೆಳಿಗ್ಗೆಯಷ್ಟೇ 'ಒಂದಿಂಚು ನೆಲ ಬಿಡೆವು' ಎಂದು ಭಾಷಣ ಮಾಡಿದ್ದವನು. "ನನ್ನ ಮನಿ ತನಕಾ ಗೆರಿ ತಗೊಂಬಾ ತಮ್ಮಾ, ಹೊಸಾ ಊರಾಗ ನನಗೂ ಒಂದು ಪ್ಲಾಟ್ ಆಗಲಿ" ಎಂದ. ಅವನ ಮನೆ ದಿಬ್ಬದ ಮೇಲೆ. ಅಲ್ಲಿಗೆ ಗೆರೆ ಮುಟ್ಟಬೇಕಾದರೆ ಕೆಳಗಿನ ಮನೆಯೂ ಮುಳುಗಲೇಬೇಕು. ಆ ಮನೆಯ ಯಜಮಾನ, ಅಂದರೆ ರೊಟ್ಟಿ ಬಡಿಸಿದವಳ ಅಪ್ಪ, ಪಾಪ, "ಒಬ್ಬರೇ ಹೆಂಗ ಹಚ್ಚತೀರಿ, ಕೊಡ್ರಿ ಇಲ್ಲಿ" ಎಂದು ಡಬ್ಬಿ ಹಿಡಿದು ನಿಂತ. ನಾನು ಎರಡೂ ಮನೆಗೆ ಗೆರೆ ಎಳೆದೆ. ಆಮೇಲೆ ಆಫೀಸಿನವರು ನಕಾಶೆಯನ್ನೇ ನನ್ನ ಗೆರೆಗೆ ತಕ್ಕಂತೆ ತಿದ್ದಿದರು. ನದಿಯೊಂದು ಮಾತ್ರ ನನ್ನ ಮಾತು ಕೇಳಲಿಲ್ಲ.

ವೆರಿಬೀಗೆ ಮರಳಿ ಎರಡು ವಾರ ಗುಲಾಬಿಗೆ ನೀರು ಹಾಕಿದೆ. ಕೊನೆಗೆ ಟೂಂಗಾಬಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನಗ್ಯಾಕ ಹೇಳ್ತೀರಿ? ಅವ್ವಗ ಹೇಳ್ರಿ" ಎಂದು ನಂಬರ್ ಕೊಟ್ಟಳು. ಈ ಸಲ ಅಂಕಲ್ ಅನ್ನಲಿಲ್ಲ.

ಕಾಲಿಂಗ್ ಕಾರ್ಡ್ ತಂದು ಊರಿಗೆ ಫೋನ್ ಹಚ್ಚಿದೆ. ಆಕೆಯ ತಾಯಿ ಎತ್ತಿದರು. ಗೆರೆ ಎಳೆದವನು ನಾನು, ಎಳೆಸಿದವನು ಮುಂದಾಳು, ನಿಮ್ಮ ಯಜಮಾನರು ಡಬ್ಬಿಯಷ್ಟೇ ಹಿಡಿದದ್ದು ಎಂದೆ. ಕ್ಷಮಿಸಿ ಎನ್ನುವ ಮಾತನ್ನು ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ರಿಸೀವರ್ ಎಲ್ಲೋ ಇಟ್ಟ ಸದ್ದು.

"ಏನ್ರೀ... ಇಲ್ಲಿ ಬರ್ರಿ. ಬಾಯಿ ಇದ್ದಿಲ್ಲೇನು ನಿಮಗ? ಹೇಳಬೇಕಿಲ್ಲೋ?"

"ಹೇಳಿದ್ನಲ್ಲ. ನೀ ಎಲ್ಲಿ ಕೇಳಿದಿ?"

ನಾನು ಫೋನಿನಲ್ಲಿರುವುದು ಇಬ್ಬರಿಗೂ ಮರೆತಿತ್ತು. ಕಾರ್ಡಿನ ನಿಮಿಷಗಳು ಮುಗಿಯುವವರೆಗೂ ಅವರ ಜಗಳ ಕೇಳುತ್ತ ನಿಂತಿದ್ದೆ.