ಪಕ್ಕದ ಗದ್ದೆಗೂ ಊಟ

ನಮ್ಮ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಪಕ್ಕದ ಹೊಲದ ಗೌರಕ್ಕ ಕಡುಬು, ರೊಟ್ಟಿ ಮುರಿದು ಪೈರಿನೊಳಗೆ ಎಸೆಯುತ್ತಿದ್ದರು. "ಹುಲಿಗ್ಯೋ, ಹುಲಿಗ್ಯೋ" ಎಂಬ ಕೂಗು ಬೇರೆ. ಗೋದಾವರಿ ಕಡೆಯ ನನ್ನ ತವರಿನಲ್ಲಿ ಪರರ ಹೊಲಕ್ಕೆ ಊಟ ಎಸೆದರೆ ಅದು ಚೇತಬಡಿ, ಅಂದರೆ ಮಾಟ.

ಎಂಬತ್ತರ ದಶಕದ ನಡುವೆ, ಮದುವೆಯಾದ ವರ್ಷವೇ, ಅಲ್ಲಿಯ ತುಂಡು ಭೂಮಿ ಮಾರಿ ವಳಕಮದಿನ್ನಿ ಎಂಬ ಊರಿನ ಮಗ್ಗುಲಿಗೆ ಬಂದಿದ್ದೆವು. ಕಾಲುವೆ ನೀರು ನೋಡಿ ಬಂದ ನಮ್ಮಂಥವರು ಊರಾಚೆ ಕಟ್ಟಿಕೊಂಡ ಮನೆಗಳಿಗೆ ಕ್ಯಾಂಪು ಎನ್ನುತ್ತಾರೆ. ತವರಿನಲ್ಲಿ ಮನೆಯ ಹಿಂದೆ ತೆಂಗು, ಇಲ್ಲಿ ಜಾಲಿಮುಳ್ಳು. ಅಲ್ಲಿ ಮೂರು ಹೊತ್ತೂ ಅನ್ನ. ಇಲ್ಲಿ ಬೆಳೆಯುವುದು ನೆಲ್ಲು, ಅಂದರೆ ಭತ್ತ, ಉಣ್ಣುವುದು ಜೋಳದ ರೊಟ್ಟಿ. ನಾಟಿಗೆ ಲಿಂಗಸುಗೂರು ಕಡೆಯ ತಾಂಡಾಗಳಿಂದ ಲಂಬಾಣಿ ಹೆಂಗಸರು ಬರುತ್ತಿದ್ದರು. ಸಿಂಧನೂರಿನ ಬಳಿ ನೆಲೆಸಿದ ಬಂಗಾಳಿಗಳು ಸೈಕಲ್ಲಿನ ಮೇಲೆ ಮೀನು ತರುತ್ತಿದ್ದರು. ಅವರದೂ ನನ್ನಷ್ಟೇ ಹರಕು ಮುರುಕು ಕನ್ನಡ, ಹಾಗಾಗಿ ಚೌಕಾಸಿ ಮಾಡಲು ಅವರೇ ನನಗೆ ಹಿತ.

ಗೌರಕ್ಕ ಊಟ ಎಸೆದಾಗ ನಾನು ಏಳು ತಿಂಗಳ ಬಸುರಿ. ಕಂಡದ್ದನ್ನು ಮನೆಯಲ್ಲಿ ಹೇಳಿದೆ. "ಊರವರಿಗೆ ನಾವು ಬೇಡ. ಕೊಯ್ಲು ಮುಗಿಸಿ ಹೊಲ ಮಾರಿ ಹೋಗೋಣ" ಎಂದರು ಅತ್ತೆ. ಗಂಡನೂ ತಲೆಯಾಡಿಸಿದ. ಹಿಂತಿರುಗಿದರೆ ಅಲ್ಲಿ ನಮಗೆ ಅಂಗೈಯಗಲ ನೆಲವೂ ಉಳಿದಿರಲಿಲ್ಲ. ತಾಳಲಾರದೆ ಮರುದಿನ ಗೌರಕ್ಕನ ಮನೆಗೇ ಹೋಗಿ ಕೇಳಿದೆ: "ನಮ್ಮ ಗದ್ದೆಗೆ ಏನು ಹಾಕಿದ್ರಿ?"

"ಹುಲಿಗ್ಯೋ ಅಂತ ಕೂಗಿ ಚರಗ ಚೆಲ್ಲೀನವ್ವಾ. ನಿನ್ನೆ ಶೀಗಿ ಹುಣ್ಣಿವಿ ಅಲ್ಲೇನು? ನೆಲ್ಲು ಹೊಡಿ ಬಿಟ್ಟಾವ, ಭೂತಾಯಿ ಬಸರಾಗ್ಯಾಳ. ಆಕಿಗೆ ಬಯಕಿ ಊಟ ಹಾಕಬೇಕು. ನೀವು ಹೊಸಬ್ರು, ನಿಮಗ ಗೊತ್ತಿರಂಗಿಲ್ಲ ಅಂತ ನಾನೇ ಹಾಕಿದೆ. ಬಾಜೂಕಿನಾಕಿ ಉಪಾಸ ಇದ್ರ ನನ್ನ ಹೊಲಕ್ಕ ಒಳ್ಳೇದಾಗತೈತೇನು?"

ಆಮೇಲೆ ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು. "ನಿನಗ ಯಾರರೇ ಉಣಿಸ್ಯಾರೇನು?"

ಅಮ್ಮ ಇದ್ದುದು ಒಂದೂವರೆ ದಿನದ ದಾರಿಯಾಚೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಗೌರಕ್ಕ ಮಣೆ ಹಾಕಿ ಕೂರಿಸಿ ಕಡುಬಿಗೆ ತುಪ್ಪ ಸುರಿದರು. "ಕಾಲುವಿ ಬರೂಕಿಂತ ಮೊದ್ಲ ಇಲ್ಲಿ ಬರೇ ಜ್ವಾಳ. ಮಸ್ಕಿಯಿಂದ ಲಗ್ನಾಗಿ ಬಂದ ನಾನೇ ಆಗ ಪರದೇಸಿ" ಎಂದರು. ನನಗೆ ಅಳು ಬಂತು. ಅಳುತ್ತಲೇ ಮೂರು ಕಡುಬು ತಿಂದೆ. ಮನೆಗೆ ಬಂದು ಇದನ್ನೆಲ್ಲ ಹೇಳಿದ ಮೇಲೆ ಹೊಲ ಮಾರುವ ಮಾತನ್ನು ಅತ್ತೆ ಮತ್ತೆಂದೂ ಎತ್ತಲಿಲ್ಲ.

ತೊಂಬತ್ತರ ದಶಕದಲ್ಲೊಮ್ಮೆ ಶೀಗಿ ಹುಣ್ಣಿಮೆಗೆ ತವರಿನಲ್ಲಿದ್ದೆ. ಕೈ ಸುಮ್ಮನಿರಲಿಲ್ಲ. ಅಮ್ಮ ಕರಿದ ಹೂರಣದ ಬೂರೆಲು ಮುರಿದು ಅಪ್ಪನ ಗದ್ದೆಗೆ ಎಸೆದೆ. ಪಕ್ಕದ ಗದ್ದೆ ಉಪವಾಸ ಇರಬಾರದಲ್ಲ, ಅದಕ್ಕೂ ಎಸೆದು ಹುಲಿಗ್ಯೋ ಎಂದೆ. ಅಲ್ಲಿ ಕಳೆ ಕೀಳುತ್ತಿದ್ದ ನನ್ನ ಬಾಲ್ಯದ ಗೆಳತಿ ಎದ್ದು ನಿಂತು ನನ್ನನ್ನೇ ನೋಡಿದಳು. ಬದುವಿನ ಮೇಲೆ ಮಲಗಿಸಿದ್ದ ಮಗುವನ್ನು ಸೆರಗಿನೊಳಗೆ ಅವಚಿಕೊಂಡು ಹಿಂದೆ ಸರಿದಳು.